ಎರಡು ವಾಡೆಗಳ ನಡುವಿನ ಅಂಗಳ

ಬೈಬಲ್ ಎಂದರೆ ಎದುರುಬದುರು ನಿಂತ ಎರಡು ವಾಡೆಗಳು, ದೊಡ್ಡ ದೊಡ್ಡ ಮನೆಗಳು, ಎಂದು ನಂಬಿಕೊಂಡೇ ಕಾವೇರಿ ಬೆಳೆದಿದ್ದಳು. ಹಾಗೆ ನಂಬಿಸಿದವಳು ಕಮಲಾಪುರದ ಆಯಿ, ಅಪ್ಪನ ತಾಯಿ ಶಿವಕಾಂತಮ್ಮ. ಅಕ್ಷರ ಬಾರದ ಆಯಿ, ಗಂಡ ಓದಿ ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಮನೆ ಕಟ್ಟಿದ ಹಾಗೆ ಕಟ್ಟಿಟ್ಟುಕೊಂಡಿದ್ದಳು. ಹಳೇ ವಾಡೆಗೆ ಮೂವತ್ತೊಂಬತ್ತು ಖೋಲಿ, ಹೊಸ ವಾಡೆಗೆ ಇಪ್ಪತ್ತೇಳು. ಹಳೆಯದರಲ್ಲಿ ರಾಜರು ಜಗಳಾಡುವ ಖೋಲಿಗಳಿದ್ದವು, ಅತ್ತೆಯ ಬೆನ್ನು ಬಿಡದ ಸೊಸೆಯ ಪುಟ್ಟ ಖೋಲಿಯಿತ್ತು, ಮಾಳಿಗೆ ಹತ್ತಿ ಊರಿಗೆಲ್ಲ ಕೇಳುವಂತೆ ಬೈಯುವ ಪ್ರವಾದಿಗಳಿದ್ದರು. ಹೊಸ ವಾಡೆಗೆ ನಾಲ್ಕು ಬಾಗಿಲು. ಯಾವುದರಿಂದ ಒಳಹೊಕ್ಕರೂ ಸಿಗುವುದು ಒಂದೇ ಪಡಸಾಲೆ, ಅಲ್ಲಿ ಕೂತವನು ಯೇಸು. ಕಟ್ಟಕಡೆಯ ಖೋಲಿ ಕತ್ತಲು. ಅಲ್ಲಿ ಒಂದು ದೊಡ್ಡ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರು ಹುಡುಕುತ್ತಾರೆ ಎನ್ನುವಾಗ ಆಯಿಯ ದನಿ ಸಣ್ಣದಾಗುತ್ತಿತ್ತು.

ಎರಡು ವಾಡೆಗಳ ನಡುವೆ ಒಂದು ಅಂಗಳ. ಅಂಗಳದಲ್ಲಿ ಒಂಬತ್ತು ದಿನದ ಒಂದು ಹೆಣ್ಣು ಕೂಸು. ಹಳೇ ವಾಡೆಯವರು ನಮ್ಮದಲ್ಲ ಅಂದರು, ಹೊಸ ವಾಡೆಯ ಬಾಗಿಲು ಇನ್ನೂ ತೆರೆದಿರಲಿಲ್ಲ.

"ಆಮ್ಯಾಲೆ?" ಎಂದು ಕಾವೇರಿ ಕೇಳುತ್ತಿದ್ದಳು.

"ಆಮ್ಯಾಲೇನ, ಮಲ್ಕೊಂಡದ. ಸಪ್ಪಳ ಮಾಡಬ್ಯಾಡ."

ಆ ಕೂಸಿಗಾಗಿ ಅವಳು ಎಷ್ಟೋ ಮಧ್ಯಾಹ್ನ ಸಪ್ಪಳ ಮಾಡದೆ ಆಡಿದ್ದಳು.

ಈಗ ಅವಳಿಗೆ ಇಪ್ಪತ್ತಮೂರು. ಕಲಬುರಗಿಯಲ್ಲಿ ಬಿ.ಎಡ್. ಓದುತ್ತ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಗೆಳತಿ ಪ್ರೀತಿಯ ಜೊತೆ ಒಂದು ಖೋಲಿ ಹಿಡಿದಿದ್ದಳು. ಹೋದ ತಿಂಗಳು ಆಯಿ ಗೋಡೆಯ ಗೂಡಿನಿಂದ ಬೈಬಲ್ ತೆಗೆದುಕೊಂಡು ಹೊರಬರುವಾಗ ಅಂಗಳಕ್ಕೆ ಬಿದ್ದಳು. ಕಣ್ಣು ಮಂಜಾಗಿ ನಾಲ್ಕು ವರ್ಷವಾಗಿತ್ತು, ಹೊಸ್ತಿಲು ಕಾಣಲಿಲ್ಲ. ಆಯಿಯ ಸೊಂಟದ ಎಲುಬೂ ಪುಸ್ತಕದ ಬೆನ್ನೂ ಒಂದೇ ಗಳಿಗೆಯಲ್ಲಿ ಮುರಿದವು. ಆಯಿಯನ್ನು ಹೊರಸಿನ ಮೇಲೆ ಮಲಗಿಸಿದರು. ಗಾಳಿಗೆ ಹಾರಿ ಬಾಳೆಗಿಡಗಳ ಬುಡದವರೆಗೂ ಹೋಗಿದ್ದ ಹಾಳೆಗಳನ್ನು ಕಾವೇರಿ ಆರಿಸಿ, ಕೈಚೀಲಕ್ಕೆ ತುಂಬಿಕೊಂಡು ನಗರಕ್ಕೆ ತಂದಳು.

ನೆಹರು ಗಂಜಿನ ಒಂದು ಸಂದಿಯಲ್ಲಿ ಗುಲಾಮ್ ರಸೂಲರ ಬೈಂಡಿಂಗ್ ಅಂಗಡಿ. ತೊಗರಿ ಚೀಲಗಳ ಧೂಳಿನ ನಡುವೆ ಅವರು ಶಾಲೆಯ ಹಾಜರಿ ಪುಸ್ತಕದಿಂದ ಕುರಾನಿನವರೆಗೆ ಎಲ್ಲವನ್ನೂ ಹೊಲಿಯುತ್ತಾರೆ. ಚೀಲದೊಳಗೆ ಇಣುಕಿ ನೋಡಿದ ಮುದುಕರು ತಲೆಯಾಡಿಸಿದರು.

"ಹೊಲಿಯೋದು ನನ್ನ ಕೆಲಸ, ಬೇಟಿ. ಸಾಲು ಹಚ್ಚೋದು ನಿನ್ನ ಕೆಲಸ. ನಿಮ್ಮ ಕಿತಾಬಿನ ಸಾಲು ನನಗ ಗೊತ್ತಿಲ್ಲ. ಹಿಂದಮುಂದ ಹೊಲದ್ರ ಗುನ್ಹಾ ನನ್ನ ತಲಿಮ್ಯಾಲೆ."

ಅಲ್ಲಿ ಕಾವೇರಿ ಸಿಕ್ಕಿಬಿದ್ದಳು. ಗೆದ್ದಲು ಹಾಳೆಗಳ ಮೂಲೆಗಳನ್ನೂ ಪುಟದ ಅಂಕಿಗಳನ್ನೂ ತಿಂದಿತ್ತು. ನೆತ್ತಿಯಲ್ಲಿ ಆಯಾ ಪುಸ್ತಕದ ಹೆಸರು, ಅಧ್ಯಾಯ ಮಾತ್ರ ಉಳಿದಿದ್ದವು. ಸಂಡೇ ಸ್ಕೂಲಿನಲ್ಲಿ ಅರವತ್ತಾರು ಪುಸ್ತಕಗಳ ಹೆಸರನ್ನು ಬಾಯಿಪಾಠ ಮಾಡಿಸುವಾಗ ಅವಳು ಕಿಟಕಿಯಾಚೆಯ ಮೋಡದಲ್ಲಿ ನಾವೆ ಹುಡುಕುತ್ತಿದ್ದಳು. ಆಯಿಯ ಕಥೆಗಳಿಗೋ ಸಾಲೇ ಇರಲಿಲ್ಲ. ಹೊಸ ವಾಡೆಯ ಮರಿಯಳ ಹೆರಿಗೆಯಾದ ಕೂಡಲೇ ಹಳೇ ವಾಡೆಯ ಮೋಶೆಯನ್ನು ಬುಟ್ಟಿಯಲ್ಲಿ ತೇಲಿಬಿಡುವವಳು ಆಯಿ.

ರವಿವಾರ ಚರ್ಚಿನಿಂದ ಬಂದವಳೇ ಖೋಲಿಯ ನೆಲದ ತುಂಬ ಹಾಳೆ ಹರಡಿ ಕೂತಳು. ಮೊಬೈಲಿನಲ್ಲಿ ಪರಿವಿಡಿ ತೆರೆದುಕೊಂಡಳು. ಪ್ರೀತಿ ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಮಂಚದ ಮೇಲಿಂದ ನೋಡುತ್ತಿದ್ದಳು.

"ಎಣ್ಣಿ ಕೈಲೆ ಮುಟ್ಟಬ್ಯಾಡ ಮತ್ತ."

"ಮುಟ್ಟಲ್ಲೇಳವ್ವ. ಇಷ್ಟೊಂದು ಯಾರ ಬರದಾರ?"

"ಒಬ್ಬರಲ್ಲ. ಕುರಿ ಕಾಯೋರು, ರಾಜರು, ಮೀನು ಹಿಡಿಯೋರು. ಸಾವಿರ ವರ್ಷಕ್ಕಿಂತ ಹೆಚ್ಚು ಬರದಾರಂತ. ಇದು ಪುಸ್ತಕ ಅಲ್ಲ ಪ್ರೀತಿ, ಪುಸ್ತಕದ ಕಪಾಟು."

ಮೊದಲು ಐದು ಕಾಂಡಗಳು. ಸೃಷ್ಟಿ, ದಾಸ್ಯ, ಬಿಡುಗಡೆ, ಕಟ್ಟಳೆ. ಅವನ್ನು ಗೋಡೆಗೆ ತಾಗಿಸಿ ಇಟ್ಟಳು. ಅದರ ಪಕ್ಕ ನಾಡು ಗೆದ್ದ, ರಾಜರನ್ನು ಪಡೆದ, ಎಲ್ಲವನ್ನೂ ಕಳೆದುಕೊಂಡು ಸೆರೆಹೋದ ಜನರ ಚರಿತ್ರೆ. ಆಮೇಲೆ ಹಾಡು, ಗೋಳು, ಬುದ್ಧಿಮಾತು. ಕೊನೆಗೆ ಪ್ರವಾದಿಗಳು. ದೊಡ್ಡವರು ಮೊದಲು, ಸಣ್ಣವರು ನಂತರ.

"ದೊಡ್ಡವರಂದ್ರ ಹಿರೇರಾ?"

"ಇಲ್ಲ, ಅವರ ಪುಸ್ತಕ ಉದ್ದ, ಇವರದು ಗಿಡ್ಡ. ಅಷ್ಟೇ."

"ನಮ್ಮ ಹೆಡ್‌ಮಾಸ್ತರ ಪಿ.ಟಿ.ಗೆ ನಿಲ್ಲಿಸಿದಂಗ ಆತು!" ಎಂದು ಪ್ರೀತಿ ನಕ್ಕಳು. ನಾಲ್ಕು ಸುವಾರ್ತೆಗಳ ಹತ್ತಿರ ಬಂದಾಗ ಹಣಿಗೆ ಕೆಳಗಿಟ್ಟಳು. "ಇದೇನ, ಒಂದೇ ಮನಷ್ಯಾನ ಕಥಿ ನಾಲ್ಕು ಸಲ?"

"ನಿಮ್ಮ ಅಕ್ಕನ ಮದುವಿ ಕಥಿ ನಿಮ್ಮನ್ಯಾಗ ಎಷ್ಟು ಮಂದಿ ಹೇಳತಾರ?"

"ಎಲ್ಲಾರೂ. ನಮ್ಮ ಅತ್ತಿಯಂತೂ ಬರೇ ಊಟದ್ದೇ ಹೇಳತಾಳ."

"ಇದೂ ಹಂಗೇ."

ಸುವಾರ್ತೆಗಳಾದ ಮೇಲೆ ಶಿಷ್ಯರು ಊರೂರು ಅಲೆದ ಕಥೆ, ಆಮೇಲೆ ಕಾಗದಗಳು. ಒಂದೊಂದು ಊರಿನ ಸಭೆಗೆ, ಒಬ್ಬೊಬ್ಬ ಮನುಷ್ಯನಿಗೆ ಬರೆದವು. ಹಳೇ ಮನೆಗಳಲ್ಲಿ ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರಲ್ಲ, ಹಾಗೆ. ಅವನ್ನು ಹೆಚ್ಚಾಗಿ ಬರೆದ ಪೌಲನವೂ ಹೆಚ್ಚುಕಡಿಮೆ ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. ಎಲ್ಲದರ ಕಡೆಗೆ ಪ್ರಕಟನೆ, ಆಯಿಯ ಕತ್ತಲ ಖೋಲಿ. ಸಂಜೆಯ ಹೊತ್ತಿಗೆ ಅರವತ್ತಾರೂ ಸಾಲಾಗಿ ನಿಂತಿದ್ದವು. ಕಾವೇರಿಗೆ ಎದೆಯುಬ್ಬಿತು. ಆಯಿಯ ಬಾಯಲ್ಲಿ ಕಲಸಿಹೋಗಿದ್ದ ಲೋಕ ಈಗ ತನ್ನ ಕೈಯಲ್ಲಿ ನೆಟ್ಟಗಾಗಿತ್ತು.

ಹಳೆಯದರ ಕೊನೆಯ ಮಲಾಕಿಯನಿಗೂ ಹೊಸದರ ಮೊದಲ ಮತ್ತಾಯನಿಗೂ ನಡುವೆ ಏನೂ ಇರಲಿಲ್ಲ. ಕೂಸಿಲ್ಲ, ಅಂಗಳವಿಲ್ಲ. ಅವಳು ಎರಡು ಸಲ ಹುಡುಕಿದಳು. ಆಮೇಲೆ ತನ್ನಷ್ಟಕ್ಕೆ ನಕ್ಕು, ಆಯಿ ಕಟ್ಟಿದ ಕಥೆ ಎಂದುಕೊಂಡಳು. ಆದರೆ ಒಳಗೆಲ್ಲೋ ಚುಚ್ಚಿತು.

ಚೀಲದ ತಳದಲ್ಲಿ ಒಂದು ಹಾಳೆ ಉಳಿದಿತ್ತು. ಅಚ್ಚಾದದ್ದಲ್ಲ. ಕಂದುಬಣ್ಣಕ್ಕೆ ತಿರುಗಿದ ಕಾಗದದ ಮೇಲೆ ಉರ್ದುವಿನಲ್ಲಿ ಮೂರು ನಾಲ್ಕು ಸಾಲು. ಮಸಿ ಮಾಸಿತ್ತು.

"ಇದೂ ನಿಮ್ಮ ದೇವರದಾ?" ಎಂದಳು ಪ್ರೀತಿ.

ಕಾವೇರಿ ಪರಿವಿಡಿ ನೋಡಿದಳು. ಅರವತ್ತೇಳನೆಯದು ಎಂಬುದು ಇಲ್ಲವೇ ಇಲ್ಲ. "ಯಾವುದೋ ಅಂಗಡಿ ಕಾಗದ ಇರಬೇಕು."

ಮರುದಿನ ಗುಲಾಮ್ ರಸೂಲರು ಕಟ್ಟು ಬಿಚ್ಚುವಾಗ ಅದು ಮೇಲೆಯೇ ಇತ್ತು. "ಇದು?" ಎಂದರು. "ಅದು ಇದರಾಗಿಂದಲ್ಲ ಚಾಚಾ" ಎಂದು ಅವಳು ಕ್ಲಾಸಿಗೆ ಓಡಿದಳು.

ಐದು ದಿನದ ಮೇಲೆ, ಶನಿವಾರ ಮಧ್ಯಾಹ್ನ, ಊರಿಂದ ಅವ್ವನ ಫೋನು ಬಂತು. ಆಯಿಗೆ ಜ್ವರ ಇಳಿಯುತ್ತಿಲ್ಲ, ಊಟ ಬಿಟ್ಟಿದ್ದಾಳೆ, ನಿನ್ನ ಹತ್ತಿರ ಮಾತಾಡಬೇಕಂತೆ ಎಂದಳು ಅವ್ವ. ಆಮೇಲೆ ಆಯಿಯ ಉಸಿರು ಕೇಳಿಸಿತು.

"ಪುಸ್ತಕ ಆತೇನವಾ?"

"ಇವತ್ತ ಕೊಡ್ತಾರ ಆಯಿ. ನಾಳಿ ತರತೀನಿ."

"ಬರುವಾಗ ಉರ್ದು ಬಲ್ಲವರನ್ನ ಯಾರನ್ನಾರ ಕರಕೊಂಡು ಬಾ."

ಕಾವೇರಿಗೆ ಅರ್ಥವಾಗಲಿಲ್ಲ. "ಯಾಕ?"

"ಅಂಗಳದ್ದು ಓದಿಸಿ ಕೇಳಬೇಕು. ನಿಮ್ಮ ಮುತ್ಯಾ ಬರದಿಟ್ಟಾನಲ್ಲ, ನಡುವಿನ ಹಾಳಿ ಮ್ಯಾಲೆ."

ಆಯಿ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಕಾವೇರಿಯ ಅಪ್ಪ ಹುಟ್ಟುವುದಕ್ಕೂ ಮೊದಲು ಒಂದು ಹೆಣ್ಣು ಹುಟ್ಟಿತ್ತು. ಆಗ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಕಮಲಾಪುರಕ್ಕೆ ಬರುತ್ತಿದ್ದರು. ಬರುವ ರವಿವಾರ ದೀಕ್ಷಾಸ್ನಾನ ಎಂದು ಗೊತ್ತಾಗಿತ್ತು. ಕೂಸು ಗುರುವಾರವೇ ಹೋಯಿತು. ದೀಕ್ಷೆಯಾಗದ ಕೂಸನ್ನು ಚರ್ಚು ಸಭೆಯ ದಫ್ತರಿನಲ್ಲಿ ಬರೆಯಲು ಬರುವುದಿಲ್ಲ ಎಂದರು. ಸಮಾಧಿಯೂ ಸ್ಮಶಾನದ ಗೋಡೆಯಾಚೆ. ಅವತ್ತು ಆಯಿಯ ಗಂಡ, ಮುತ್ಯಾ ಮಾಪಣ್ಣ, ಮನೆಗೆ ಬಂದು ಬೈಬಲ್ ತೆಗೆದು, ಹಳೇ ಹೊಸ ಒಡಂಬಡಿಕೆಗಳ ನಡುವಿನ ಖಾಲಿ ಹಾಳೆಯಲ್ಲಿ ಮಗಳ ಹೆಸರು ಬರೆದಿದ್ದ. ನಿಜಾಮರ ಕಾಲದ ಶಾಲೆಯಲ್ಲಿ ಕಲಿತವನು. ಕನ್ನಡ ಓದುವುದನ್ನು ಆಮೇಲೆ ಕಲಿತರೂ ಬರೆಯುವ ಕೈ ಕೊನೆಯವರೆಗೂ ಉರ್ದುವಿನದೇ.

"ನಮ್ಮ ದಫ್ತರ ಇದೇ ಅಂದ. ಕ್ರಿಸ್‌ಮಸ್ಸಿಗೊಮ್ಮೆ ಓದಿ ಹೇಳತಿದ್ದ. ಅಂವ ಹೋದಮ್ಯಾಲೆ ಬರೇ ಮುಟ್ಟಿ ನೋಡತೀನಿ." ಆಯಿ ಉಸಿರು ಎಳೆದುಕೊಂಡಳು. "ಕಡೀ ಖೋಲ್ಯಾಗ ಹೆಸರು ಕೂಗುವಾಗ, ಇಲ್ಲಿ ಬರದಿದ್ದು ಅಲ್ಲೂ ಇರತದಂತ ಹೇಳ್ಯಾನ. ನಾ ಹೋಗೂಕಿಂತ ಮೊದಲು ಒಮ್ಮೆ ಕಿವಿಲೆ ಕೇಳತೀನಿ."

ಫೋನು ಮುಗಿದದ್ದೇ ಕಾವೇರಿ ಚಪ್ಪಲಿ ಮೆಟ್ಟಿ ಗಂಜಿನ ಅಂಗಡಿಗೆ ಓಡಿದಳು.

ಬೈಬಲ್ ತಯಾರಾಗಿತ್ತು. ಕರಿ ರಟ್ಟು, ಕೆಂಪು ಬೆನ್ನು. ಅವಳು ಅದನ್ನು ಮುಟ್ಟಲೂ ಇಲ್ಲ.

"ಚಾಚಾ, ಆ ಉರ್ದು ಹಾಳಿ?"

ಗುಲಾಮ್ ರಸೂಲರು ಕನ್ನಡಕ ಹಣೆಗೇರಿಸಿದರು. "ನೀನೇ ಇದರಾಗಿಂದಲ್ಲ ಅಂದ್ಯಲ್ಲ."

"ರಟ್ಟಿಗಿ ಹಚ್ಚೀರೇನು?"

"ತೌಬಾ! ಓದದೇ ಯಾವ ಕಾಗದಾನೂ ರಟ್ಟಿಗೆ ಹಚ್ಚಂಗಿಲ್ಲ ನಾ. ಅದರಾಗ ಖುದಾವಂದ ಅಂತಿತ್ತು. ಅವನ ಹೆಸರಿದ್ದದ್ದು ರದ್ದಿಗಿ ಹ್ಯಾಂಗ ಹಾಕಲಿ?" ಅವರು ಗೋಡೆಯ ಮೊಳೆಯನ್ನು ತೋರಿಸಿದರು. ಅಲ್ಲಿ ತೂಗುತ್ತಿದ್ದ ಹಸಿರು ಬಟ್ಟೆಯ ಚೀಲ ಬರಿದಾಗಿತ್ತು. "ಠಂಡಾ ಮಾಡಿ ಬಂದೆ, ನಿನ್ನೆ ಜುಮ್ಮಾ ನಮಾಜು ಮುಗಿಸಿ."

ದೇವರ ಹೆಸರಿರುವ ಹರಕು ಕಾಗದಗಳನ್ನು ಅವರು ಆ ಚೀಲದಲ್ಲಿ ಕೂಡಿಹಾಕುತ್ತಾರೆ. ತುಂಬಿದಾಗ ಭೀಮಾ ಹೊಳೆಗೆ ಒಯ್ದು ನೀರಿಗೆ ಬಿಡುತ್ತಾರೆ. ಅದಕ್ಕೇ ಠಂಡಾ ಮಾಡುವುದು ಎಂದು ಹೆಸರು. ಬೇರೆ ಯಾವ ಬೈಂಡರನ ಕೈಗೆ ಸಿಕ್ಕಿದ್ದರೂ ಆ ಹಾಳೆ ಮೂಲೆಯ ರಾಶಿಯಲ್ಲಿ ಇವತ್ತಿಗೂ ಬಿದ್ದಿರುತ್ತಿತ್ತು. ಇವರು ಮರ್ಯಾದೆ ಕೊಟ್ಟರು, ಅದಕ್ಕೇ ಅದು ಹೋಯಿತು.

ಕಾವೇರಿ ತೊಗರಿ ಚೀಲದ ಮೇಲೆ ಕೂತಳು. ಅಳುತ್ತ ಎಲ್ಲ ಹೇಳಿದಳು. ಮುದುಕರ ಕೈಯಲ್ಲಿದ್ದ ಸೂಜಿ ನಿಂತಿತು.

"ನೀವು ಓದೀರಿ ಚಾಚಾ. ಏನಿತ್ತು?"

"ಲಡ್ಕಿ, ಒಂಬತ್ತು ದಿನ, ಜುಮೆರಾತ್. ಖುದಾವಂದನ ಕೈಗೆ ಒಪ್ಪಿಸೇನಿ ಅಂತ ಕಡೀಗೆ." ಕಣ್ಣು ಮುಚ್ಚಿದರು. "ಹೆಸರಿತ್ತು ಬೇಟಿ. ನೆನಪಾಗವಲ್ದು."

"ನೆನಪಿದ್ದಷ್ಟು ಬರದು ಕೊಡ್ರಿ. ಚಹಾದಾಗ ಅದ್ದಿದ್ರ ಹಳೇದರಂಗ ಕಾಣತದ." ಅಂದವಳೇ ಮುಖ ತಗ್ಗಿಸಿದಳು.

"ಕಾಣತದ. ನಿಮ್ಮ ಆಯಿಗೆ ಕಣ್ಣಿಲ್ಲ ಅಂದಿ. ಬೆರಳಿಗೆ ಏನು ಹೇಳ್ತಿ?"

ಅವರು ಬೈಬಲನ್ನು ತೊಡೆಯ ಮೇಲೆ ತೆರೆದರು. ಮಲಾಕಿಯ ಮುಗಿದು ಮತ್ತಾಯ ಶುರುವಾಗುವಲ್ಲಿ, ಅವಳು ತೋರಿಸಿದ ಕಡೆ, ಒಂದು ಖಾಲಿ ಹಾಳೆ ಸೇರಿಸಿ ಹೊಲಿದರು.

ರವಿವಾರ ಬೆಳಗಿನ ಬಸ್ಸಿನಲ್ಲಿ ಕಮಲಾಪುರದವರೆಗೂ ಅವಳು ಆ ಭಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಾಲು ಕಲಿತೆನೆಂದು ಬೀಗಿದ್ದು ನೆನಪಾಗುತ್ತಿತ್ತು. ಅರವತ್ತಾರನ್ನು ಜೋಡಿಸಿದ ಕೈಯೇ ಆ ಒಂದನ್ನು ಮತ್ತೊಮ್ಮೆ ಗೋಡೆಯಾಚೆ ಹಾಕಿತ್ತು.

ಆಯಿ ಹೊರಸಿನ ಮೇಲೆ ಒಂದು ಹಿಡಿಯಾಗಿದ್ದಳು. ಪುಸ್ತಕವನ್ನು ಎದೆಯ ಮೇಲಿಟ್ಟ ಕೂಡಲೇ ಬೆರಳುಗಳು ಓಡಿದವು. ಬೆನ್ನು ಸವರಿದವು, ನಡುವನ್ನು ಹುಡುಕಿದವು, ಅಂಗಳದ ಮೇಲೆ ನಿಂತವು. ಅಲ್ಲಿಂದ ಮುಂದೆ ಸರಿಯಲಿಲ್ಲ.

"ಇದು ಹೊಸಾ ಹಾಳಿ."

"ಹೂಂ ಆಯಿ."

"ಅದೆಲ್ಲಿ?"

ಕಾವೇರಿ ಹೇಳಿದಳು. ಒಂದನ್ನೂ ಮುಚ್ಚಲಿಲ್ಲ. ಇದು ಇದರೊಳಗಿನದಲ್ಲ ಎಂದು ತಾನೇ ಅಂದದ್ದನ್ನೂ ಹೇಳಿದಳು. ಆಯಿ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಹೊರಗೆ ಕೆಂಪು ಬಾಳೆಯ ಗೊನೆ ತುಂಬುವ ಟಂಟಂ ಗಾಡಿ ಬಂದು ನಿಂತು, ಗಲಾಟೆ ಮಾಡಿ ಹೋಯಿತು. ಅವ್ವ ಒಳಗಿಂದ ಬಂದು ಇಬ್ಬರನ್ನೂ ನೋಡಿ, ಗಂಜಿಯ ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟು ಹೋದಳು.

"ಅಯ್ಯನವರೂ ಹಿಂಗೇ ಅಂದಿದ್ರು," ಎಂದಳು ಆಯಿ ಗೋಡೆಗೆ. "ಇದರಾಗಿಂದಲ್ಲ ಅಂತ."

ಕಾವೇರಿ ಗಂಜಿಯ ಬಟ್ಟಲನ್ನು ಹೊರಸಿನ ಹತ್ತಿರಕ್ಕೆ ಸರಿಸಿದಳು.

"ಪೆನ್ ಅದ ಏನ?" ಎಂದಳು ಆಯಿ.

"ಅದ."

"ಹನ್ನಮ್ಮ."

ಐವತ್ತೈದು ವರ್ಷ ಗಂಡನ ಬಾಯಿಗೂ ಆ ಹಾಳೆಗೂ ಬಿಟ್ಟುಕೊಟ್ಟಿದ್ದ ಹೆಸರು ಅದು. ಆಯಿಯ ಸ್ವಂತ ಬಾಯಿಂದ ಬಂದಾಗ ಅದು ಒಡಕಲಾಗಿ, ಯಾರನ್ನೋ ಊಟಕ್ಕೆ ಕರೆದ ಹಾಗೆ ಬಂತು. ಕಾವೇರಿ ಬರೆದಳು. ಒಂಬತ್ತು ದಿನ, ಗುರುವಾರ, ತಂದೆ ಮಾಪಣ್ಣ, ತಾಯಿ ಶಿವಕಾಂತಮ್ಮ. ಖುದಾವಂದ ಎಂಬುದನ್ನು ಹಾಗೆಯೇ ಬರೆದಳು.

"ಓದು."

ಓದಿದಳು.

"ಇನ್ನೊಮ್ಮೆ. ಗಟ್ಟಿಯಾಗಿ."

ಓದಿದಳು. ಆಯಿಯ ತುಟಿ ಜೊತೆಗೇ ಅಲುಗಿತು.

"ಮುಂದಿನ ವಾಡೇದ ಬಾಗಲಾ ತೆಗಿ."

ಮತ್ತಾಯನ ಮೊದಲ ಪುಟ ಶುರುವಾಗುವುದೇ ಹೆಸರುಗಳಿಂದ. ಯಾರ ಮಗ ಯಾರು, ಅವನ ಮಗ ಯಾರು ಎಂದು ಸಾಲು ಸಾಲು. ಕಾವೇರಿ ನಿಧಾನವಾಗಿ ಓದುತ್ತ ಹೋದಳು. ಎಡಗಡೆಯಲ್ಲಿ ತಾನು ಬರೆದದ್ದು ಇನ್ನೂ ಹಸಿಯಿತ್ತು.

"ಇಷ್ಟೊಂದು ಮಂದಿ," ಎಂದಳು ಆಯಿ ನಡುವೆ. ಇನ್ನಷ್ಟು ಹೆಸರುಗಳಾದ ಮೇಲೆ, "ಅವನ ಅಕ್ಷರ ಎಲ್ಲಿ ಮಟ ಹೋಗ್ಯಾವೋ ಈಗ, ಹೊಳ್ಯಾಗ" ಎಂದಳು. ಅದು ಕಾವೇರಿಗೆ ಹೇಳಿದ್ದಾಗಿರಲಿಲ್ಲ.

ಹಾಳೆಯ ಅಂಚು ಆಯಿಯ ಬೆರಳುಗಳ ನಡುವೆಯೇ ಇತ್ತು. ಅದರ ಹೊಸತನ ಆ ಬೆರಳುಗಳಿಗೆ ಇನ್ನೂ ಒಗ್ಗಿರಲಿಲ್ಲ. ಹಿಡಿಯುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು. ಕಾವೇರಿ ಹೆಸರುಗಳನ್ನು ಓದುತ್ತಲೇ ಇದ್ದಳು, ನಿಲ್ಲಿಸು ಎನ್ನುವವರೆಗೂ ನಿಲ್ಲಿಸಬಾರದೆಂದು.