ಲೇಸು ಕಟ್ಟಲು ಕೂತವಳು

ನಾನೊಂದು ಜೋಡಿ ಬೂಟು. ಹಿಂದೆ ಬಾಸ್ಕೆಟ್‌ಬಾಲ್ ಆಟಗಾರರಿಗೆ ಹೊಲಿಯುತ್ತಿದ್ದ ಮಾದರಿಯಲ್ಲಿ, ಈಗ ಚೆಂದಕ್ಕೆಂದು ಹೊಲಿದದ್ದು ನನ್ನನ್ನು. ಬಿಳಿ ಚರ್ಮ, ಕೆಂಪು ಪಟ್ಟಿ, ಕಾಲಿನ ಗಿಣ್ಣು ಮುಚ್ಚುವಷ್ಟು ಎತ್ತರ, ಉದ್ದನೆಯ ಲೇಸು. ಆಟದ ಅಂಗಳ ಕಾಣದೆ ನೇರ ಪೆಟ್ಟಿಗೆ ಸೇರಿದೆ.

ಮಂಡ್ಯದಲ್ಲಿ ಪೆಟ್ಟಿಗೆ ಬಿಚ್ಚಿದವಳು ಕಾಲೇಜು ಹುಡುಗಿ ಮೋನಿಷಾ. ಒಂದೆರಡು ದಿನ ಹಾಕಿ ಮೂಲೆಗೆ ಎಸೆದಳು. "ಭಾರ ಅಮ್ಮ. ಪ್ರತಿ ಸಲ ಲೇಸ್ ಬಿಚ್ಚು, ಕಟ್ಟು. ಯಾರಿಗ್ ಬೇಕು?"

ಸುಳ್ಳಲ್ಲ. ನನ್ನ ಅಟ್ಟೆ ಗಟ್ಟಿ. ಬೇಸಿಗೆಯಲ್ಲಿ ಒಳಗೆ ಒಲೆ. ಹೊಸ್ತಿಲು ಕಂಡಲ್ಲೆಲ್ಲ ಕಾಲು ಬರಿದು ಮಾಡುವ ಈ ನಾಡಿನಲ್ಲಿ ದಿನದ ಬಳಕೆಗೆ ನಾನು ಹೇಳಿ ಮಾಡಿಸಿದ್ದಲ್ಲ.

ಆದರೂ ಅವಳ ತಾಯಿ ಜಯಶೀಲ ನನ್ನನ್ನು ಎತ್ತಿಕೊಂಡಳು. ಮನೆ ಮನೆಗೆ ಹೋಗಿ ಲ್ಯಾಬಿಗೆ ರಕ್ತ ತೆಗೆದು ತರುವ ಕೆಲಸ ಅವಳದು. ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದಳಂತೆ, ಬರಿಗಾಲಲ್ಲಿ. ಬೂಟು ಬೇಕೆಂದು ಮನೆಯಲ್ಲಿ ಕೇಳಲು ಆಗ ಬಾಯಿರಲಿಲ್ಲ.

"ಅದೇನಮ್ಮಿ, ಪೊಲೀಸ್ನೋರ ತರ ಬೂಟ್ ಹಾಕ್ಕಂಡು ಹೊಂಟಿದ್ದೀಯೆ?" ಎಂದರು ಅತ್ತೆ.

"ಕಳ್ಳರು ಇನ್ನೂ ಸಿಕ್ಕಿಲ್ಲ ಅತ್ತೆ, ಹುಡುಕ್ತೀನಿ."

"ಅಮ್ಮಾ, ಸೀರೆಗಾ? ನನ್ ಫ್ರೆಂಡ್ಸ್ ನೋಡಿದ್ರೆ!" ಮಗಳು ಮುಖ ಮುಚ್ಚಿಕೊಂಡಳು.

"ಒಂದ್ ವಾರ ಹಾಕ್ ನೋಡ್ತೀನಿ. ಆಗ್ದೇ ಇದ್ರೆ ಯಾರಿಗಾದ್ರೂ ಕೊಟ್ಬಿಡು."

ಅವಳ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಚಪ್ಪಲಿಯಾಗಿದ್ದರೆ ಮೆಟ್ಟಿಲಲ್ಲಿ ಜಾರಿಸಿ ಒಳಗೆ ಹೋಗಿ, ಬಗ್ಗಿ ನಿಂತೇ ಸೂಜಿ ಚುಚ್ಚಿ ಬಂದುಬಿಡುತ್ತಿದ್ದಳು. ಅದೇ ರೂಢಿ. ಎಷ್ಟೋ ಮನೆಗಳಲ್ಲಿ ಅವಳಿಗೆ ಕೂರಿ ಅಂದವರೇ ಇರಲಿಲ್ಲ.

ವಾರದ ಕೊನೆಗೆ ಒಂದು ದೊಡ್ಡ ಮನೆ. ನನ್ನ ಲೇಸು ಬಿಚ್ಚಲು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಳು.

"ಅಲ್ಯಾಕ್ ಕೂತ್ರಿ? ಅದು ನಮ್ ಯಜಮಾನ್ರ ಕುರ್ಚಿ," ಒಳಗಿಂದ ಬಂದ ಮನೆಯಾಕೆ ಗದರಿದಳು.

ನನ್ನೊಳಗೆ ಜಯಶೀಲಳ ಬೆರಳುಗಳು ಮುದುಡಿದವು, ಏಳಲು ಸಿದ್ಧವಾಗಿ. ಆಮೇಲೆ ನಿಧಾನಕ್ಕೆ ಸಡಿಲಾದವು.

"ಬೂಟ್ ಬಿಚ್ಚೋಕೆ ಕೂರ್ಲೇಬೇಕಮ್ಮ. ಹೋಗುವಾಗ ಕಟ್ಟೋಕೂ ಕೂರ್ತೀನಿ."

"ಚಪ್ಪಲಿ ಹಾಕ್ಕೊಂಡ್ ಬರ್ಬಾರ್ದಾ?"

"ಬರ್ಬೋದು. ಬರಲ್ಲ."

ಕೆಲಸ ಮುಗಿಸಿ ಬಂದವಳು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ಒಂದೊಂದೇ ತೂತಿನಲ್ಲಿ ಲೇಸು ಬಿಗಿಮಾಡಿದಳು, ಗಂಟಿನ ಮೇಲೆ ಗಂಟು ಹಾಕಿದಳು. ಅವಸರವೇ ಇಲ್ಲ. ಮನೆಯಾಕೆ ಬಾಗಿಲು ಹಿಡಿದು ನಿಂತೇ ಇದ್ದಳು.

"ವಾರ ಆಯ್ತಮ್ಮ. ಬೂಟ್ ಯಾರಿಗ್ ಕೊಡ್ಲಿ?" ಸಂಜೆ ಮಗಳು ಕೇಳಿದಳು.

"ಮುಟ್ಟಿದ್ರೆ ನೋಡು!"

ಈಗ ನನ್ನ ಬಿಳುಪು ಹಳದಿಗೆ ತಿರುಗಿದೆ, ಅಟ್ಟೆ ಸವೆದು ಕಲ್ಲು ಚುಚ್ಚುತ್ತದೆ. ಬಾಗಿಲ ಪಕ್ಕದ ಮೂಲೆ ನನ್ನದು. ನನ್ನ ಮಗ್ಗುಲಿಗೆ ಹೊಸ ಜೋಡಿ ಬಂದಿದೆ. ಹಾಕಲು ಸುಲಭ ಎಂದು ಅಂಗಡಿಯವನು ಲೇಸಿಲ್ಲದ್ದನ್ನೇ ಮುಂದಿಟ್ಟಿದ್ದನಂತೆ. ಜಯಶೀಲ ಲೇಸಿನದ್ದನ್ನೇ ಕೇಳಿ ತಂದಿದ್ದಾಳೆ.

ದಿನದ ಬಳಕೆಗೆ ನಾನು ಒಗ್ಗುತ್ತೇನೆಯೇ ಎಂದು ನನ್ನನ್ನು ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಅವಳು ಮಾತ್ರ ದಿನವೂ ಹಾಕಿಕೊಂಡಳು.