ಈ ಜಿಡ್ಡು ತೊಳೆಯಬೇಡಿ

ಕೊಳೆ ಕಂಡರೆ ಅತ್ತೆಯ ಕೈ ಸುಮ್ಮನಿರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಆಸ್ಪತ್ರೆಗಳ ಹಾಸು, ಲಾಡ್ಜುಗಳ ದಿಂಬಿನ ಚೀಲ ಒಗೆದು ಬದುಕಿದವಳು. ಪರರ ರಕ್ತ, ಪರರ ಬೆವರು, ಪರರ ವಾಂತಿ ಎಲ್ಲವೂ ಅವಳ ಕೈಯಲ್ಲಿ ಬೆಳ್ಳಗಾಗಿ ಹೋಗಿವೆ. ಆದ್ದರಿಂದ ಸೊಸೆ ಗಾಡಿಯನ್ನು ಕಂಪನಿಯ ವರ್ಕ್‌ಶಾಪಿಗೆ ಒಯ್ಯುವ ದಿನ ಅತ್ತೆ ಮಾಡಿದ್ದು ಅವಳ ಮಟ್ಟಿಗೆ ಮರ್ಯಾದೆಯ ಕೆಲಸವೇ. ಎಲ್ಲರೂ ಏಳುವ ಮೊದಲು ಸೋಪಿನ ನೀರು ಕಲಸಿ, ಗಾಡಿಯ ಅಡಿಗೆ ಅರ್ಧ ಮೈ ತೂರಿಸಿ, ಎಡಗಡೆಯ ಮುಂದಿನ ಗಾಲಿಯ ಒಳಮೈಗೆ ಅಂಟಿದ್ದ ಕಪ್ಪು ಜಿಡ್ಡನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆದಿದ್ದಳು.

ಆ ಜಿಡ್ಡನ್ನು ತೋರಿಸಲೆಂದೇ ಸೊಸೆ ಹೊರಟಿದ್ದಳು.

ಗಾಡಿ ಸೆಕೆಂಡ್ ಹ್ಯಾಂಡ್. ಮಾರಿದ ಕಂಪನಿಯವರು ವಾರಂಟಿ ಎಂಬ ಮಾತನ್ನು ಬಾಯಿತುಂಬ ಹೇಳಿ, ಕೈಕುಲುಕಿ, ಫೋಟೋ ತೆಗೆಸಿ ಕಳಿಸಿದ್ದರು. ಈಗ ಆ ವಾರಂಟಿ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ತಿರುವು ಬಂದಾಗಲೆಲ್ಲ ಎಡಗಾಲಿ ಕಟಕಟ ಎನ್ನತೊಡಗಿತು. ಓಣಿಯ ಮೂಲೆಯ ಮೆಕ್ಯಾನಿಕ್ ಬಗ್ಗಿ ನೋಡಿ ಕೈ ಒರೆಸಿಕೊಂಡಿದ್ದ.

"ಆಕ್ಸಲ್ ಬೂಟು ಹರಿದಿದೆ ಅಕ್ಕ. ಆ ರಬ್ಬರ್ ಚೀಲದೊಳಗೆ ಗ್ರೀಸ್ ಇರುತ್ತಲ್ಲ, ಅದೆಲ್ಲ ಆಚೆ ಚಿಮ್ತಾ ಇದೆ. ಪೂರ್ತಿ ಒಣಗಿದ್ರೆ ಒಂದಿನ ತಿರುವಿನಲ್ಲೇ ಕೈ ಕೊಡುತ್ತೆ."

"ನೀನೇ ಹಾಕಿಬಿಡಪ್ಪ."

"ನಾನು ಮುಟ್ಟಲ್ಲ. ಹೊರಗಡೆ ಬಿಚ್ಚಿಸಿದ್ದೀರಿ ಅಂತ ನಿಮ್ಮ ವಾರಂಟಿಗೆ ಎಳ್ಳುನೀರು ಬಿಡ್ತಾರೆ. ಹೋಗಿ, ಅವರ ಕೊರಳಿಗೇ ಕಟ್ಟಿ."

ಗಾಡಿ ಕೈಕೊಟ್ಟರೆ ಮತ್ತೆ ಬಸ್ಸೇ ಗತಿ. ಬಸ್ಸಿನ ಕಾಲವನ್ನು ಸೊಸೆಯ ಬಲಭುಜ ಇನ್ನೂ ಮರೆತಿರಲಿಲ್ಲ. ಹಾಸುಗಳ ಗಂಟು ಹೊತ್ತು ಹತ್ತುವಾಗ ಕಂಡಕ್ಟರು "ಗಂಟಿಗೊಂದು ಸೀಟು, ನಿಮಗೊಂದು ಸೀಟಾ?" ಎಂದು ಬಸ್ಸೆಲ್ಲ ನಗುವಂತೆ ಕೇಳುತ್ತಿದ್ದ. ಕೊನೆಗೆ ಭುಜ ಬಿದ್ದುಹೋಗಿ, ತಲೆ ಬಾಚಿಕೊಳ್ಳಲೂ ಕೈ ಏಳದಂತಾಗಿ, ಇನ್ನು ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ ಮೇಲೆಯೇ ಅವಳು ಹಟ ಹಿಡಿದು ಸ್ಟೀರಿಂಗ್ ಕಲಿತದ್ದು, ಈ ಗಾಡಿ ಕೊಳ್ಳಿಸಿದ್ದು.

ಅಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಟಾರ್ಚ್ ಹಾಕಿ ಇಣುಕಿದ. ಗಾಲಿಯ ಒಳಮೈ ಊಟಕ್ಕೆ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ರಬ್ಬರಿನ ಮಡಿಕೆಯೊಳಗಿನ ಸೀಳು, ಗಾಲಿ ನೇರ ನಿಂತಾಗ ಬಾಯಿ ಮುಚ್ಚಿಕೊಂಡಿರುತ್ತದೆ; ಗಾಲಿ ತಿರುಗಿಸಿ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ಸೋರಿಕೆ ಏನೂ ಇಲ್ಲ ಮೇಡಂ. ಧೈರ್ಯವಾಗಿ ಓಡಿಸಿ."

ಸೊಸೆ ಮನೆಗೆ ಬಂದವಳೇ ಅಂಗಳದಲ್ಲಿ ನಿಂತು ಕೂಗಾಡಿದಳು. "ಅತ್ತೆ, ಕಳ್ಳತನ ಆಗಿದೆ ಅಂತ ದೂರು ಕೊಡೋಕೆ ಹೋದ್ರೆ, ನೀವು ಮೊದಲೇ ಮನೆ ಗುಡಿಸಿ, ಬೀಗ ರಿಪೇರಿ ಮಾಡಿಸಿಟ್ಟಿದ್ದೀರಲ್ಲ!"

"ನಾಲ್ಕು ಜನರ ಮುಂದೆ ಹಾಗೆ ಗಲೀಜಾಗಿ ನಿಲ್ಲಿಸಲಾ? ಲಾಂಡ್ರಿಯವರ ಗಾಡಿ ನೋಡಿ ಅಂತ ನಗಲ್ವಾ?"

"ನಗಲಿ! ನಕ್ಕ ಮೇಲಾದ್ರೂ ರಿಪೇರಿ ಮಾಡ್ತಿದ್ರು."

ಇಸ್ತ್ರಿ ಮಾಡುತ್ತಿದ್ದ ಸೊಸೆಯ ಗಂಡ ತಲೆಯೆತ್ತದೆ, "ಒಳ್ಳೇದಾಯ್ತು, ಗಾಡೀನ ಇಸ್ತ್ರಿಗೂ ಕೊಟ್ಟಿಲ್ವಲ್ಲ" ಎಂದ. ಇಬ್ಬರೂ ಅವನ ಮೇಲೆ ತಿರುಗಿಬಿದ್ದದ್ದರಿಂದ ಜಗಳ ಅಲ್ಲಿಗೆ ಮುಗಿಯಿತು.

ಮುಂದಿನ ಒಂದು ವಾರ ಅತ್ತೆಗೆ ಉಪವಾಸಕ್ಕಿಂತ ಕಷ್ಟದ ವ್ರತ. ಗಾಡಿ ಆಸ್ಪತ್ರೆಗೆ ಹೋಗಿ ಬರುತ್ತಿತ್ತು, ಲಾಡ್ಜಿಗೆ ಹೋಗಿ ಬರುತ್ತಿತ್ತು. ಪ್ರತಿ ಸಲವೂ ಗಾಲಿಯೊಳಗೆ ಜಿಡ್ಡು ಇನ್ನಷ್ಟು ದಪ್ಪವಾಗುತ್ತಿತ್ತು. ಅತ್ತೆ ದೂರದಿಂದ ನೋಡಿ ಮುಖ ಕಿವುಚುತ್ತಿದ್ದಳು. ಬಕೀಟು ಹಿಡಿದು ಗಾಡಿಯ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, ಒಳಗಿನಿಂದ "ಅತ್ತೇ!" ಎಂಬ ಕೂಗು. "ಗಿಡಕ್ಕೆ ಹಾಕ್ತಿದೀನಿ ಕಣೇ, ನಿನ್ನ ಗಾಡಿ ಯಾರಿಗೆ ಬೇಕು" ಎಂದು ಗೊಣಗಿ ನೀರನ್ನು ಖಾಲಿ ನೆಲಕ್ಕೆ ಸುರಿಯುತ್ತಿದ್ದಳು.

ಎರಡನೆಯ ಸಲ ಹೊರಟಾಗ ಅತ್ತೆ ತಾನೂ ಬರುತ್ತೇನೆಂದು ಮುಂದಿನ ಸೀಟಿನಲ್ಲಿ ಕುಳಿತಳು. ತಪ್ಪು ತನ್ನದೆಂದು ಬಾಯಿ ಬಿಟ್ಟು ಹೇಳುವ ಪೈಕಿ ಅವಳಲ್ಲ. ಜೊತೆಗೆ ಬಂದದ್ದೇ ಅದರ ಲೆಕ್ಕ.

ವರ್ಕ್‌ಶಾಪಿನ ಗೇಟು ದಾಟುತ್ತಿದ್ದಂತೆ ನೀಲಿ ಅಂಗಿಯವನೊಬ್ಬ ಕೈ ಅಡ್ಡ ಹಿಡಿದ. ಅವನ ಕೈಯಲ್ಲಿ ಬಂದೂಕಿನಂತಹ ನೀರಿನ ಪೈಪು.

"ಗಾಡಿ ಈ ಕಡೆ ಹಾಕಿ ಮೇಡಂ. ಮೊದಲು ವಾಶ್."

ಹೋದ ಸಲ ಗಾಡಿ ಮೊದಲೇ ತೊಳೆದಂತಿದ್ದುದರಿಂದ ಯಾರೂ ತಡೆದಿರಲಿಲ್ಲ; ಸೊಸೆ ಹೌಹಾರಿದಳು. "ಅಣ್ಣ, ತೊಳೀಬೇಡಿ. ಗ್ರೀಸ್ ಸೋರ್ತಿದೆ, ಅದನ್ನೇ ತೋರಿಸಬೇಕು."

"ತೊಳೀದೆ ಯಾವ ಗಾಡೀನೂ ಒಳಗೆ ಬಿಡಲ್ಲ. ರೂಲ್ಸು. ಫ್ರೀನೇ ಅಲ್ವಾ!"

ಫ್ರೀ! ಬಡವರ ಮಾತಿಗೆ ಲೋಕ ಯಾವಾಗಲೂ ಸಾಕ್ಷಿ ಕೇಳುತ್ತದೆ. ಸಾಕ್ಷಿ ತಂದರೆ, ಮೊದಲು ಅದನ್ನು ಚೆನ್ನಾಗಿ ತೊಳೆದು ಆಮೇಲೆ ನೋಡುತ್ತದೆ. ಅದಕ್ಕೆ ಕಾಸೂ ತೆಗೆದುಕೊಳ್ಳುವುದಿಲ್ಲ.

ಅವನು ಪೈಪಿನ ಗುಂಡಿ ಒತ್ತುವಷ್ಟರಲ್ಲಿ ಅತ್ತೆ ಬಾಗಿಲು ತೆರೆದು ಇಳಿದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎಡಗಡೆಯ ಗಾಲಿಗೆ ಬೆನ್ನು ಕೊಟ್ಟು ಒದ್ದೆ ಸಿಮೆಂಟಿನ ಮೇಲೆ ಕುಳಿತೇಬಿಟ್ಟಳು.

"ಹಾಕಪ್ಪ ನೀರು. ನನ್ನ ಮೇಲೇ ಹಾಕು."

"ಅಜ್ಜಿ, ಏಳಿ ಅಜ್ಜಿ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ."

"ಅಜ್ಜಿ ಯಾರೋ ನಿನಗೆ? ಜ್ವರ ಬಂದೋರು ಆಸ್ಪತ್ರೆಗೆ ಹೋದ್ರೆ, ಬಾಗಿಲಲ್ಲೇ ಜ್ವರ ಇಳಿಸಿ, ಒಳಗೆ ಹೋಗಿ ಡಾಕ್ಟರ ಹತ್ರ ನಿನಗೇನೂ ಇಲ್ಲ ಅನ್ನಿಸ್ತಾರೇನೋ? ತೊಳೆಯೋದು ನನ್ನ ಕಸುಬು. ಜೀವಮಾನದಲ್ಲಿ ಮೊದಲನೇ ಸಲ ಒಂದು ಕೊಳೆ ಕಾಯ್ತಾ ಇದೀನಿ. ಮುಟ್ಟು ನೋಡೋಣ!"

ಪೈಪಿನವನು ಪೈಪು ಕೆಳಗಿಟ್ಟ. ಪಾಪ, ಅವನ ಸಂಬಳವೂ ಅಷ್ಟಕ್ಕಷ್ಟೇ. ಮುದುಕಿಯ ಮೇಲೆ ನೀರು ಬಿಡಲು ಅದು ಸಾಲದು. ಹಿಂದೆ ಗಾಡಿಗಳ ಸಾಲು ಬೆಳೆಯಿತು. ಹಾರ್ನುಗಳು ಶುರುವಾದವು. ಗಾಜಿನ ಕೋಣೆಯಲ್ಲಿ ಟೀ ಕುಡಿಯುತ್ತ ಕಾಯುತ್ತಿದ್ದ ಗಿರಾಕಿಗಳು ಎದ್ದು ಹೊರಗೆ ಬಂದರು. ಅವರ ಹಿಂದೆಯೇ ಸೂಪರ್‌ವೈಸರ್ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ ಬಂದ.

"ಏನಮ್ಮ ಇದು, ಧರಣಿ?"

"ಹೂಂ, ಧರಣಿನೇ" ಎಂದಳು ಸೊಸೆ. ಅವಳ ದನಿ ಆ ಮಾತು ಬಂದೊಡನೆ ಗಟ್ಟಿಯಾಯಿತು. "ತೊಳೀದೇ ಮೇಲೆತ್ತಿ. ಗಾಲಿ ತಿರುಗಿಸಿ ನೋಡಿ. ಆಮೇಲೆ ಬೇಕಾದಷ್ಟು ತೊಳ್ಕೊಳ್ಳಿ."

ಹಾರ್ನುಗಳ ಕಾಟಕ್ಕೋ, ಕೂಡಿದ ಜನಕ್ಕೋ, ಅವನು ಒಪ್ಪಿದ. ಅತ್ತೆ ಎದ್ದಳು. ಗಾಡಿ ಲಿಫ್ಟಿನ ಮೇಲೆ ಏರಿತು. ಕೆಲಸಗಾರನೊಬ್ಬ ಗಾಲಿಯನ್ನು ಪೂರ್ತಿ ತಿರುಗಿಸಿದಾಗ ರಬ್ಬರಿನ ಸೀಳು ಬಾಯಿ ತೆರೆಯಿತು. ಅದರ ಸುತ್ತ ಗಾಲಿಯ ಒಳಮೈ, ಕಬ್ಬಿಣದ ತೋಳು, ಬ್ರೇಕಿನ ಪೈಪು ಎಲ್ಲಕ್ಕೂ ಕಪ್ಪು ಗ್ರೀಸ್ ಮೆತ್ತಿಕೊಂಡಿತ್ತು. ಗುಂಪಿನಲ್ಲಿದ್ದ ಒಬ್ಬ ಮೇಷ್ಟ್ರು ಕನ್ನಡಕ ಏರಿಸಿ, "ಅಬ್ಬಾ!" ಎಂದರು.

ಸೂಪರ್‌ವೈಸರ್ ಸೋಲಲಿಲ್ಲ. ಅಂಥವರ ಬತ್ತಳಿಕೆ ಬೇಗ ಬರಿದಾಗುವುದಿಲ್ಲ.

"ನೋಡಿ, ಬೂಟು ರಬ್ಬರು. ಸವೆಯೋ ಸಾಮಾನು, ವಾರಂಟಿಗೆ ಬರಲ್ಲ."

"ಆಕ್ಸಲ್?"

"ಆಕ್ಸಲ್ ಬರುತ್ತೆ. ಆದ್ರೆ ಹರಿದ ಬೂಟಲ್ಲಿ ಓಡಿಸಿ ಓಡಿಸಿ ನೀವೇ ಹಾಳು ಮಾಡ್ಕೊಂಡಿದ್ದೀರಿ. ಮೊದಲೇ ಬರಬೇಕಿತ್ತು."

ಸೊಸೆ ಅವನ ಮುಖವನ್ನೇ ನೋಡಿದಳು. "ಬಂದಿದ್ನಲ್ಲ ಸಾರ್. ಹೋದ ವಾರ, ಇದೇ ಜಾಗ. ಟಾರ್ಚ್ ಹಾಕಿ ನೋಡಿ, ಧೈರ್ಯವಾಗಿ ಓಡಿಸಿ ಅಂದಿದ್ದು ಯಾರು?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ಹಾಗಾದ್ರೆ ನನ್ನ ಗಾಡೀನೂ ತೊಳೆದೇ ನೋಡಿದ್ರಿ!" ಮೇಷ್ಟ್ರು ಮುಂದೆ ಬಂದರು. "ಆಯಿಲ್ ಲೀಕ್ ಇಲ್ಲ ಅಂದ್ರಿ. ನಮ್ಮ ಮನೆ ನೆಲ ಮಾತ್ರ ದಿನಾ ಬೆಳಗ್ಗೆ ಬೇರೆ ಹೇಳುತ್ತೆ."

"ನಂದೂ ಅಷ್ಟೇ" ಎಂದಿತು ಇನ್ನೊಂದು ದನಿ. "ತೊಳೆಯೋ ಮೊದಲು ಇನ್ನೊಂದ್ಸಲ ನೋಡ್ಬಿಡಿ" ಎಂದಿತು ಮತ್ತೊಂದು. ಸೂಪರ್‌ವೈಸರ್ ಫೋನು ತೆಗೆದು ಆ ಕಡೆ ನಡೆದ. ಯಾರಿಗೋ "ಇಲ್ಲ ಸಾರ್, ಎಲ್ಲರೂ ಇಲ್ಲೇ ನಿಂತಿದ್ದಾರೆ ಸಾರ್" ಎನ್ನುವುದು ಕೇಳಿಸಿತು. ಸೊಸೆ ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದಳು.

ಅವನು ತಿರುಗಿ ಬಂದು ಯಾರ ಮುಖವನ್ನೂ ನೋಡದೆ ಹೇಳಿದ: "ಆಕ್ಸಲ್ ಪೂರ್ತಿ ಬದಲಾಯಿಸ್ತೀವಿ. ಬೂಟು ಅದರ ಜೊತೆಗೇ ಬರುತ್ತೆ. ವಾರಂಟಿಲೇ. ಸಂಜೆ ಗಾಡಿ ತಗೊಳ್ಳಿ."

ಅತ್ತೆ ಅರ್ಥವಾಗದೆ ಸೊಸೆಯ ಕಡೆ ತಿರುಗಿದಳು. "ಏನಂದ? ಆಗಲ್ಲ ಅಂದ್ನಾ?"

"ಆಯ್ತಂತೆ ಅತ್ತೆ. ಎಲ್ಲಾ ಹೊಸದಂತೆ."

"ಅಷ್ಟೇನಾ? ಅದನ್ನ ಹೇಳೋಕೆ ನನ್ನ ಸೀರೆ ಒದ್ದೆ ಮಾಡಿಸಬೇಕಿತ್ತಾ?" ಎಂದ ಅತ್ತೆಯ ಕಣ್ಣು ಮಾತ್ರ ತುಂಬಿಕೊಂಡಿತ್ತು.

ಸಂಜೆ ಕೈಗೆ ಸಿಕ್ಕ ಗಾಡಿಯನ್ನು ಸೊಸೆ ಮೊದಲು ನೇರ ರಸ್ತೆಯಲ್ಲೇ ಓಡಿಸಿದಳು. ತಿರುಗಿಸಲು ಭಯ. ದೊಡ್ಡ ವೃತ್ತ ಬಂದಾಗ ಬೇರೆ ದಾರಿಯಿರಲಿಲ್ಲ. ಸ್ಟೀರಿಂಗನ್ನು ಪೂರ್ತಿ ಎಳೆದಳು. ಇಂಜಿನ್ನಿನ ಗುಂಯ್ ಬಿಟ್ಟರೆ ಒಂದು ಸದ್ದಿಲ್ಲ. ಮನೆಯ ದಾರಿ ಪಕ್ಕದಲ್ಲೇ ಹಾದುಹೋಯಿತು. ಅವಳು ಅತ್ತ ಹೊರಳದೆ ಇನ್ನೊಂದು ಸುತ್ತು ಹೊಡೆದಳು. ಅತ್ತೆ ಕಿವಿಯನ್ನು ಬಾಗಿಲಿಗೆ ಒತ್ತಿಕೊಂಡು ಕುಳಿತಿದ್ದಳು.

"ಏನಾದ್ರೂ ಕೇಳಿಸ್ತಾ ಅತ್ತೆ?"

"ಏನೂ ಇಲ್ಲ ಕಣೇ. ಇನ್ನೊಂದು ಸುತ್ತು ಹಾಕು."

ಮೂರನೆಯ ಸುತ್ತಿಗೆ ವೃತ್ತದ ಪೊಲೀಸಿನವನು ಸೀಟಿ ಊದಿದ. ಸೊಸೆ ಕಿಟಕಿ ಇಳಿಸಿ, "ಹೊರಟ್ವಿ ಸಾರ್, ಹೊರಟ್ವಿ" ಎಂದು ನಗುತ್ತ ಕೂಗಿದಳು. ರಾತ್ರಿ ಪಾಳಿ ಶುರುವಾಗುವ ಮೊದಲು ಆಸ್ಪತ್ರೆಗೆ ಹಾಸುಗಳು ತಲುಪಬೇಕಿತ್ತು. ಅವು ಮನೆಯಲ್ಲಿ ಮಡಿಸಿ, ಗಂಟು ಕಟ್ಟಿ, ಗಾಡಿಗಾಗಿ ಕಾಯುತ್ತಿದ್ದವು.