ಸಿಳ್ಳೆ ಹಾಕಿದ ವಿಶ್ವಾಸ

ನಾನು ಹಲ್ಲುಸೆಟ್ಟು ಮಾಡುವವಳು. ಡಾಕ್ಟರಮ್ಮ ಮುಂದಿನ ಕೋಣೆಯಲ್ಲಿ ಹಲ್ಲು ಕೀಳುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕೂತು ಬೋಳು ಬಾಯಿಗಳಿಗೆ ಹಲ್ಲು ಜೋಡಿಸುತ್ತೇನೆ. ಇಪ್ಪತ್ತು ವರ್ಷದಲ್ಲಿ ನನ್ನ ಸೆಟ್ಟು ಸರಿಯಿಲ್ಲ ಅಂತ ವಾಪಸ್ ತಂದವರು ಒಬ್ಬರೇ. ಆ ಸೆಟ್ಟನ್ನು ನಾನು ಬೇಕಂತಲೇ ಕೆಡಿಸಿದ್ದೆ.

ಅದು ನಮ್ಮ ಚರ್ಚಿನ ಹಿರಿಯರೊಬ್ಬರ ಬಾಯಿಗೆ ಮಾಡಿದ್ದು. ಪಾದ್ರಿಗಳು ಪ್ರಾರ್ಥನೆ ಮುಗಿಸುವ ಮೊದಲೇ ಇವರ ಆಮೆನ್ ಹೋಗಿ ಸೂರಿಗೆ ಬಡಿಯುತ್ತಿತ್ತು. ಹಾಗಾಗಿ ಎಲ್ಲರಿಗೂ ಇವರು ಆಮೆನ್ ಮಾವ. ನನ್ನ ಅಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಗಿದ್ದಾಗ ಈ ಮಹಾಶಯರು ಮನೆಗೆ ಬಂದು, ಅವಳ ತಲೆಯ ಮೇಲೆ ಕೈಯಿಟ್ಟು, ಗಂಟಲು ಹರಿಯುವಂತೆ ಪ್ರಾರ್ಥನೆ ಮಾಡಿದರು. ಅಮ್ಮ ಏಳಲಿಲ್ಲ. ಮಾವನಿಗೆ ಮುಖಭಂಗವಾಯಿತೋ ಏನೋ, ನನ್ನತ್ತ ತಿರುಗಿದರು.

“ದೇವರು ನಂಗೆ ತೋರಿಸ್ದ. ಈ ಮನೇಲಿ ಒಬ್ಬರಿಗೆ ವಿಶ್ವಾಸ ಕಮ್ಮಿ. ಅದಕ್ಕೇ ಅಮ್ಮ ಏಳ್ತಿಲ್ಲ.”

ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ಅಷ್ಟು ಹೇಳಿ, ಕೊಟ್ಟ ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಮುಂದಿನ ಭಾನುವಾರದೊಳಗೆ ಚರ್ಚಿಗೆಲ್ಲ ಸುದ್ದಿ ಹಬ್ಬಿತ್ತು.

ಅಮ್ಮ ಆಮೇಲೆ ಹನ್ನೊಂದು ದಿನ ಇದ್ದಳು. ಕೊನೆಯ ದಿನ ನನ್ನ ಕೈ ಹಿಡಿದು ಕೇಳಿದಳು: “ನಿಜ ಹೇಳೇ, ನೀನು ನಂಬಿ ಪ್ರಾರ್ಥನೆ ಮಾಡಿದ್ಯಾ, ಇಲ್ಲ ಸುಮ್ನೆ ಬಾಯಲ್ಲಿ ಅಂದ್ಯಾ?”

“ನಂಬಿದ್ದೆ ಕಣಮ್ಮ” ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ನನ್ನ ಮಾತನ್ನು ನಂಬಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ನನಗೆ ಪ್ರಾರ್ಥನೆ ಮಾಡಲಾಗಲಿಲ್ಲ. ಭಾನುವಾರ ಹೋಗುತ್ತಿದ್ದೆ, ಮಂಡಿಯೂರುತ್ತಿದ್ದೆ, ಕಣ್ಣು ಮುಚ್ಚಿ ದೇವರನ್ನು ಹುಡುಕುತ್ತಿದ್ದೆ. ನಡುವೆ ಮಾವನ ಮುಖ! ಥೂ, ಈ ಮನುಷ್ಯನನ್ನು ದಾಟಿ ನಿನ್ನ ಹತ್ತಿರ ಬರುವುದಾದರೂ ಹೇಗಪ್ಪಾ ಅಂತ ಒಳಗೇ ಬೈಯುತ್ತಿದ್ದೆ. ಎಂಟು ತಿಂಗಳು ಹೀಗೇ ಹೋಯಿತು.

ಅಂಥವರು ತಾವಾಗೇ ನನ್ನ ಕೈಗೆ ಸಿಕ್ಕರು. ಉಳಿದಿದ್ದ ನಾಲ್ಕು ಹಲ್ಲನ್ನೂ ಕೀಳಿಸಿಕೊಂಡು, ವಸಡು ಮಾಗಿದ ಮೇಲೆ ಅಳತೆ ಕೊಡಲು ಬಂದರು. “ಚೆನ್ನಾಗಿ ಮಾಡಮ್ಮ, ಜನರ ಮುಂದೆ ನಿಲ್ಲೋನು ನಾನು” ಅಂದರು. ಅಮ್ಮನ ಬಗ್ಗೆ ಒಂದು ಮಾತಿಲ್ಲ. ಮೈಯೆಲ್ಲ ಉರಿಯಿತು.

“ಆಗ್ಲಿ ಮಾವ, ನಿಮ್ಮ ಬಾಯಿಗೆ ತಕ್ಕ ಹಾಗೇ ಮಾಡ್ತೀನಿ” ಅಂದೆ.

ನಮ್ಮ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಮೇಲಿನ ಸೆಟ್ಟಿನಲ್ಲಿ, ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ತಾಗುವ ಜಾಗವನ್ನು ಒಂಚೂರು ಹೆಚ್ಚು ಹೆರೆದರೆ ಗಾಳಿಗೆ ಸಂದು ಸಿಗುತ್ತದೆ. ಆಗ ‘ಸ’ ಅಂದಾಗಲೆಲ್ಲ ಸಿಳ್ಳೆ. ಹೊಸಬರು ಮಾಡುವ ತಪ್ಪು ಅದು. ನಾನು ಪಳಗಿದ ಕೈಯಿಂದ ಅಚ್ಚುಕಟ್ಟಾಗಿ ಅದೇ ತಪ್ಪನ್ನು ಮಾಡಿದೆ. ಶನಿವಾರ ಹಾಕಿ ನೋಡಿದಾಗ ಸಣ್ಣಗೆ ಸುಯ್ ಅಂದಿತು. “ಹೊಸದಲ್ವಾ, ನಾಲಿಗೆ ಹೊಂದ್ಕೊಳ್ಳುತ್ತೆ” ಅಂದರು ಡಾಕ್ಟರಮ್ಮ. ಪಾಪ, ಅವರಿಗೆ ನನ್ನ ಕೆಲಸದ ಮೇಲೆ ಅಷ್ಟು ಭರವಸೆ.

ಭಾನುವಾರ ಮಾವ ಎದ್ದು ನಿಂತು “ಯೇಸು ಸ್ವಾಮಿ” ಅಂದರು. ಸುಂಯ್! “ಸರ್ವಶಕ್ತ” ಅಂದರು, ಮತ್ತೊಂದು. “ವಿಶ್ವಾಸ” ಬಂದಾಗಲಂತೂ ಕುಕ್ಕರು ಕೂಗಿದ ಹಾಗಾಯಿತು. ಹಿಂದಿನ ಬೆಂಚಿನಲ್ಲಿ ಶುರುವಾದ ಕಿಸಿಕಿಸಿ ಮುಂದಿನವರೆಗೂ ಬಂತು. ಪಾದ್ರಿಗಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ನನಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಮಾವ ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟರು. ಅವತ್ತು ಆಮೆನ್ ಕೂಡ ಅನ್ನಲಿಲ್ಲ.

ಸೋಮವಾರ ನೇರ ನನ್ನ ಕೋಣೆಗೇ ಬಂದರು. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತೆ. ಅವರು ಸೆಟ್ಟು ತೆಗೆದು ಮೇಜಿನ ಮೇಲಿಟ್ಟರು.

“ತಗೋಮ್ಮ, ನಂಗೆ ಬೇಡ. ಇದ್ರಲ್ಲಿ ನಿಂದೇನೂ ತಪ್ಪಿಲ್ಲ. ದೇವರೇ ನನ್ನ ಬಾಯಿಗೆ ಹೊಡೆದಿದಾನೆ. ಅವನಿಗೆ ನಾನು ಬೇಡವಾದೆ. ಊಟ ಸೇರ್ತಿಲ್ಲ, ಪ್ರಾರ್ಥನೆಗೆ ಕೂತ್ರೆ ಮಾತೇ ಬರ್ತಿಲ್ಲ.”

ಕೆನ್ನೆ ಒಳಗೆ ಹೋಗಿತ್ತು, ಕಣ್ಣಲ್ಲಿ ನೀರಿತ್ತು. ನಾನು ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಈ ಮನುಷ್ಯ ಸಾಯುವವರೆಗೂ ಬೇಯುತ್ತಾರೆ, ಅಮ್ಮ ಬೆಂದ ಹಾಗೆ. ಬೇಯಲಿ ಅಂದುಕೊಂಡೆ. ಆದರೆ ಹೆರೆದವಳು ನಾನು, ಇವರು ದೇವರು ಅನ್ನುತ್ತಿದ್ದಾರೆ. ಹಾಗೇ ನಂಬಲಿ ಅಂತ ಬಿಟ್ಟರೆ, ಇವರು ಅಮ್ಮನಿಗೆ ಮಾಡಿದ್ದನ್ನೇ ನಾನು ಇವರಿಗೆ ಮಾಡಿದ ಹಾಗಾಯಿತಲ್ಲ! ಇವರ ಸಾಲಿಗೆ ಸೇರುವುದೇ? ಸುತರಾಂ ಆಗದು.

“ದೇವರಲ್ಲ ಮಾವ, ನಾನು. ಬೇಕಂತಲೇ ಹೆರೆದೆ.”

ಬೈಯುತ್ತಾರೆ ಅಂದುಕೊಂಡರೆ ಅವರ ಮುಖ ಅರಳಿತು. “ನೀನಾ? ಹಾಗಾದ್ರೆ ಅವನು ನನ್ನ ಕೈ ಬಿಟ್ಟಿಲ್ವಾ?”

ಅವರ ನೆಮ್ಮದಿ ಕಂಡು ನನ್ನ ಪಿತ್ತ ನೆತ್ತಿಗೇರಿತು.

“ನಿಲ್ಲಿ. ಅವತ್ತು ನಮ್ಮನೇಲಿ ಹೇಳಿದ್ರಲ್ಲ, ವಿಶ್ವಾಸ ಕಮ್ಮಿ ಅಂತ. ಅದನ್ನ ಹೇಳಿದ್ದು ಯಾರು? ದೇವರಾ, ನೀವಾ?”

ಮಾವ ಮೇಜಿನ ಮೇಲಿದ್ದ ಸೆಟ್ಟನ್ನು ಒಂಚೂರು ಆಚೆ ಸರಿಸಿದರು.

“ನಾನು,” ಅಂದರು. “ಅಷ್ಟು ಕೂಗಿದ್ರೂ ಏನೂ ಆಗ್ಲಿಲ್ಲ. ಭಯ ಆಯ್ತು. ನಿನ್ನ ತಲೆಗೆ ಕಟ್ದೆ.”

“ಇದನ್ನ ನಂಗೆ ಹೇಳಿದ್ರೆ ಸಾಲ್ದು. ಬರೋ ಭಾನುವಾರ ಎಲ್ಲರ ಮುಂದೆ ಹೇಳಿ. ಇದೇ ಸೆಟ್ಟು ಹಾಕ್ಕೊಂಡು. ಆಮೇಲೆ ಬನ್ನಿ, ಸರಿ ಮಾಡಿ ಕೊಡ್ತೀನಿ.”

ಕ್ಷಮಿಸಿದೆ ಅಂತ ನಾನು ಅನ್ನಲಿಲ್ಲ. ಯಾಕೆ ಅನ್ನಲಿ? ಅವರು ಸೆಟ್ಟನ್ನು ಎತ್ತಿ ಬಾಯಿಗೆ ಹಾಕಿಕೊಂಡು ಹೋದರು.

ಭಾನುವಾರ ಹೇಳಿದರು. ಒಂದೊಂದು ‘ಸ’ಕ್ಕೂ ಸಿಳ್ಳೆ ಬಿತ್ತು. ನಗುತ್ತಿದ್ದವರು ಅಮ್ಮನ ಹೆಸರು ಕೇಳಿದ್ದೇ ಬಾಯಿ ಮುಚ್ಚಿದರು. “ಆ ಮಗಳ ವಿಶ್ವಾಸದಲ್ಲಿ ಏನೂ ಕಮ್ಮಿ ಇರ್ಲಿಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳಿದೋನು ನಾನು” ಅಂದರು ಮಾವ, ಸಿಳ್ಳೆ ಹಾಕುತ್ತ, ಅಳುತ್ತ.

ಗೆದ್ದೆ ಅಂತ ನಾನು ಕುಣಿಯಬೇಕಿತ್ತು. ಆದರೆ ಇದನ್ನು ಕೇಳಬೇಕಾದವಳು ಅಲ್ಲಿರಲಿಲ್ಲ. ಸಿಟ್ಟಿನಲ್ಲೇ ಕಣ್ಣು ಮುಚ್ಚಿದೆ. ಎಂಟು ತಿಂಗಳಿಂದ ಬರದಿದ್ದ ಪ್ರಾರ್ಥನೆ ಆಗ ಬಂತು.

‘ಸ್ವಾಮೀ, ಇದನ್ನು ಅಮ್ಮನಿಗೆ ಹೇಳು. ಈಗಲೇ ಹೋಗಿ ಹೇಳು.’